ನಾವು ಸೈಟು ಹಂಚಿದೆವು, ಅವರು ಮನೆ ಇಟ್ಟುಕೊಂಡರು

ಮೈಸೂರಿನ ನಿವೃತ್ತ ಶಿಕ್ಷಕಿಯೊಬ್ಬರ ಪತ್ರದ ಸಾರ: “ಮಗಳ ಬಾಣಂತನಕ್ಕೆ ಆಸ್ಟ್ರಿಯಾದ ವಿಯೆನ್ನಾಗೆ ಹೋಗಿ ಮೂರು ತಿಂಗಳಿದ್ದು ಬಂದೆ. ಕೂಸಿಗೆ ಬೇಕಾದ ಸಾಮಾನು ತುಂಬಿದ ಚೀಲವೊಂದು ನಗರಾಡಳಿತದಿಂದಲೇ ಬಂದಿತ್ತು. ಮಗಳ ಪರಿಚಯದ ಟ್ರಾಮ್ ಚಾಲಕರೊಬ್ಬರು ನಗರಾಡಳಿತದ ಮನೆಯಲ್ಲಿ ಬಾಡಿಗೆಗಿದ್ದಾರೆ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಕಾಲೇಜು ಮೇಷ್ಟ್ರು. ಬಾಡಿಗೆ ನನ್ನ ಮಗಳು ಕೊಡುವುದಕ್ಕಿಂತ ಎಷ್ಟೋ ಕಡಿಮೆ. ದುಡ್ಡು ಎಲ್ಲಿಂದ ಬರುತ್ತೆ? ನಮ್ಮ ಕಾರ್ಪೊರೇಷನ್‌ಗೆ ಯಾಕೆ ಆಗಲ್ಲ? ಮಗಳಿಗೂ ಅಂಥ ಮನೆ ಸಿಕ್ಕೀತೇ?”

ಮೇಡಂ, ಮೊದಲು ಆ ಚೀಲದ ಕಥೆ ಕೇಳಿ. ಅದಕ್ಕೆ ಹೆಚ್ಚುಕಡಿಮೆ ನೂರು ವರ್ಷದ ಇತಿಹಾಸವಿದೆ. 1920ರ ದಶಕದಲ್ಲಿ ವಿಯೆನ್ನಾದ ಸಮಾಜ ಕಲ್ಯಾಣ ನೋಡಿಕೊಳ್ಳುತ್ತಿದ್ದವರು ಯೂಲಿಯುಸ್ ಟಾಂಡ್ಲರ್ ಎಂಬ ವೈದ್ಯ ಪ್ರಾಧ್ಯಾಪಕರು. 1927ರಿಂದ ಊರಲ್ಲಿ ಹುಟ್ಟಿದ ಕೂಸುಗಳಿಗೆ ಬಟ್ಟೆಯ ಗಂಟು ಕೊಡುವ ಏರ್ಪಾಡು ಮಾಡಿದರು. ಅಪ್ಪನ ಸಂಬಳ ಎಷ್ಟೆಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಅದನ್ನು ಇಸಿದುಕೊಳ್ಳಲು ಎಷ್ಟೋ ತಾಯಂದಿರು ನಾಚಿಕೊಳ್ಳುತ್ತಿದ್ದರು. ನಮ್ಮಲ್ಲಿ ಬಿಪಿಎಲ್ ಕಾರ್ಡು ಹಿಡಿದು ಸಾಲಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದಕ್ಕೂ ಹಿಂದೆ ಆ ಊರಿನ ಕಾರ್ಮಿಕರ ಪಾಡು ಹೇಗಿತ್ತೆಂದರೆ, ನಾನು ಬೆಳೆದ ವಠಾರವೇ ವಾಸಿ. ನಮ್ಮದು ಒಂಬತ್ತು ಮನೆಗೆ ಒಂದು ನಲ್ಲಿ. ಬೆಳಿಗ್ಗೆ ಐದಕ್ಕೇ ಕೊಡಗಳು ಸಾಲು ಹಿಡಿಯುತ್ತಿದ್ದವು. ಯಾರ ಮನೆಯಲ್ಲಿ ಯಾರು ಮುನಿಸಿಕೊಂಡಿದ್ದಾರೆಂಬುದು ಕೊಡ ತುಂಬುವಷ್ಟರಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು. ವಿಯೆನ್ನಾದ ಹಳೇ ಕಟ್ಟಡಗಳಲ್ಲೂ ಮಹಡಿಯ ನಡುಮನೆಯಂಥ ಓಣಿಯಲ್ಲಿ ಒಂದೇ ನಲ್ಲಿ, ಅದರ ಹೆಸರು ‘ಬಸ್ಸೇನಾ’. ನಲ್ಲಿಕಟ್ಟೆಯ ಹರಟೆಗೆ ‘ಬಸ್ಸೇನಾ ಮಾತು’ ಎಂಬ ಹೆಸರು ಅವರಲ್ಲಿ ಇಂದಿಗೂ ಇದೆ. ಕಕ್ಕಸೂ ಓಣಿಯಲ್ಲೇ, ಹಲವು ಮನೆಗೆ ಸೇರಿ ಒಂದು. ಬಾಡಿಗೆ ಕಟ್ಟಲಾಗದವರು ಮನೆಯ ಮಂಚವನ್ನೇ ಬಾಡಿಗೆಗೆ ಬಿಡುತ್ತಿದ್ದರು: ರಾತ್ರಿ ಪಾಳಿಯವನು ಹಗಲು ಮಲಗಿ ಎದ್ದು ಹೋದರೆ, ಹಗಲು ಪಾಳಿಯವನು ಬಂದು ಅದೇ ಹಾಸಿಗೆಯಲ್ಲಿ ಉರುಳಿಕೊಳ್ಳುವುದು.

ಇನ್ನು ದುಡ್ಡಿನ ಪ್ರಶ್ನೆ. 1919ರಲ್ಲಿ ಕಾರ್ಮಿಕರ ಪಕ್ಷದವರಾದ ಸೋಷಿಯಲ್ ಡೆಮಾಕ್ರಾಟರು ನಗರದ ಅಧಿಕಾರ ಹಿಡಿದರು. 1922ರಲ್ಲಿ ವಿಯೆನ್ನಾ ತಾನೇ ಒಂದು ಪ್ರಾಂತ್ಯವಾಯಿತು. ಈ ಎರಡನೆಯದೇ ಮುಖ್ಯ, ಏಕೆಂದರೆ ತನ್ನದೇ ತೆರಿಗೆ ಹಾಕುವ ಅಧಿಕಾರ ಊರಿಗೆ ಸಿಕ್ಕಿದ್ದು ಆಗ. ಹಣಕಾಸು ನೋಡುತ್ತಿದ್ದ ಹ್ಯೂಗೋ ಬ್ರೈಟ್ನರ್ ಕುದುರೆ, ಕಾರು, ಮನೆಯಾಳುಗಳು, ಷಾಂಪೇನ್ ಎಲ್ಲಕ್ಕೂ ತೆರಿಗೆ ಹಾಕಿದರು. 1923ರಲ್ಲಿ ಮನೆ ಕಟ್ಟುವುದಕ್ಕೆಂದೇ ಒಂದು ತೆರಿಗೆ ಬಂತು. ಸಣ್ಣ ಮನೆಗೆ ಪುಡಿಗಾಸು, ಬಂಗಲೆಗೆ ಭಾರಿ ಮೊತ್ತ. ಅತಿ ದುಬಾರಿಯ ಅರ್ಧ ಶೇಕಡಾ ಮನೆಗಳಿಂದಲೇ ಆ ತೆರಿಗೆಯ ಹತ್ತಿರ ಹತ್ತಿರ ಶೇ. 45 ವಸೂಲಾಯಿತು. ಬ್ರೈಟ್ನರ್‌ಗೆ ಬಿದ್ದ ಬೈಗುಳಕ್ಕೂ ಲೆಕ್ಕವಿಲ್ಲ.

1934ರ ಹೊತ್ತಿಗೆ 60,000ಕ್ಕೂ ಹೆಚ್ಚು ಮನೆಗಳೆದ್ದವು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಒಂದರಲ್ಲೇ 1,382 ಮನೆ. ಕಟ್ಟಡದ ಉದ್ದ ಒಂದು ಕಿಲೋಮೀಟರಿಗೂ ಹೆಚ್ಚು. ಆದರೆ ಕಟ್ಟಡ ನಿಂತಿದ್ದು ಜಾಗದ ಐದನೇ ಒಂದು ಪಾಲಿಗಿಂತ ಕಡಿಮೆಯಲ್ಲಿ, ಉಳಿದದ್ದೆಲ್ಲ ಅಂಗಳ, ತೋಟ. ಮನೆಗಳು ಸಣ್ಣವು, ಆದರೆ ನಲ್ಲಿ, ಕಕ್ಕಸು ಮನೆಯೊಳಗೇ. ಬಟ್ಟೆ ಒಗೆಯುವ ಸಾಮೂಹಿಕ ಮನೆ, ಸ್ನಾನಗೃಹ, ಶಿಶುವಿಹಾರ, ಗ್ರಂಥಾಲಯ, ಹಲ್ಲಿನ ದವಾಖಾನೆ, ಔಷಧಿ ಅಂಗಡಿ ಎಲ್ಲವೂ ಆವರಣದಲ್ಲೇ. ಅಷ್ಟು ಕೆಲಸ ನಡೆದಾಗ ಗಾರೆಯವನಿಂದ ಹಿಡಿದು ಬಡಗಿಯವರೆಗೆ ಕೂಲಿ ಸಿಕ್ಕಿತೆಂದು ಬೇರೆ ಹೇಳಬೇಕೇ? 1934ರ ಫೆಬ್ರವರಿಯಲ್ಲಿ ದೇಶದ ಸರ್ಕಾರಕ್ಕೂ ಸೋಷಿಯಲ್ ಡೆಮಾಕ್ರಾಟರಿಗೂ ನಡೆದ ಅಂತರ್ಯುದ್ಧದಲ್ಲಿ ಸೈನ್ಯ ಇದೇ ಕಟ್ಟಡದ ಮೇಲೆ ಫಿರಂಗಿ ಹಾರಿಸಿತು. ಕಟ್ಟಡ ಉಳಿಯಿತು. ಇಂದಿಗೂ ಅದು ನಗರದ್ದೇ.

ನನ್ನ ಮಟ್ಟಿಗೆ ಗುಟ್ಟಿರುವುದು ‘ಇಂದಿಗೂ ನಗರದ್ದೇ’ ಎಂಬಲ್ಲಿ. ಕಟ್ಟಿದ್ದನ್ನು ಅವರು ಮಾರಲಿಲ್ಲ. ಈಗ ಸುಮಾರು 2,20,000 ಮನೆಗಳು ನಗರದ ಕೈಯಲ್ಲಿವೆ. ಮಿತವಾದ ಲಾಭಕ್ಕಷ್ಟೇ ಮನೆ ಕಟ್ಟಿ ಬಾಡಿಗೆಗೆ ಕೊಡುವ ಸಂಘಗಳ ಮನೆಗಳನ್ನೂ ಸೇರಿಸಿದರೆ ಊರಿನ ಸುಮಾರು ಅರ್ಧ ಜನಕ್ಕೆ ಹೀಗೆ ಸೂರು ಸಿಕ್ಕಿದೆ. ಆದಾಯದ ಮಿತಿಯನ್ನು ಎತ್ತರದಲ್ಲೇ ಇಟ್ಟಿದ್ದಾರೆ, ಅದಕ್ಕೇ ಟ್ರಾಮ್ ಚಾಲಕರ ನೆತ್ತಿಯ ಮೇಲೆ ಮೇಷ್ಟ್ರು. ಜಾಗ ಕೊಂಡಿಡುವುದಕ್ಕೇ 1984ರಲ್ಲಿ ಪ್ರತ್ಯೇಕ ನಿಧಿ ಮಾಡಿದರು. ಸಂಬಳದ ಒಂದು ಸಣ್ಣ ಪಾಲು, ಮಾಲೀಕ ಅರ್ಧ, ನೌಕರ ಅರ್ಧ, ವಸತಿಗೆಂದು ಕಡಿತವಾಗುತ್ತದೆ.

ಊರಂಚಿನಲ್ಲಿ ಹಳೇ ವಿಮಾನ ನಿಲ್ದಾಣವಿದ್ದ 240 ಹೆಕ್ಟೇರಿನಲ್ಲಿ ಜೇಸ್ಟಾಟ್ ಎಂಬ ಹೊಸ ಬಡಾವಣೆ ಏಳುತ್ತಿದೆ. ಅಲ್ಲಿ ಮೆಟ್ರೋ ಬಂದದ್ದು 2013ರಲ್ಲಿ, ಜನ ಬಂದದ್ದು ಆಮೇಲೆ! ಬೀದಿಬದಿಯ ಅಂಗಡಿಗಳನ್ನೂ ಹೆಚ್ಚು ಬಾಡಿಗೆ ಕೊಟ್ಟವರಿಗೆ ಎಂದು ಬಿಡಲಿಲ್ಲ. ಬೇಕರಿ, ಔಷಧಿ, ಪುಸ್ತಕದ ಅಂಗಡಿ ಎಲ್ಲೆಲ್ಲಿರಬೇಕೆಂದು ಒಂದು ಸಂಸ್ಥೆಯೇ ನೋಡಿಕೊಳ್ಳುತ್ತದೆ.

ಹುಳುಕಿಲ್ಲವೆಂದಲ್ಲ. 2004ರ ನಂತರ ಹಲವು ವರ್ಷ ನಗರ ತಾನೇ ಮನೆ ಕಟ್ಟುವುದನ್ನು ನಿಲ್ಲಿಸಿತ್ತು. ಹೊಸ ಸರಣಿಯ ಮೊದಲ ಕಟ್ಟಡಕ್ಕೆ ಜನ ಬಂದದ್ದು 2019ರಲ್ಲಿ. ಹೊಸದಾಗಿ ಊರಿಗೆ ಬಂದವರು ಖಾಸಗಿ ಬಾಡಿಗೆಯಲ್ಲೇ ಬೇಯಬೇಕು, ನಿಮ್ಮ ಮಗಳಂತೆ.

ನಮ್ಮ ಕಾರ್ಪೊರೇಷನ್‌ಗೆ ಯಾಕೆ ಆಗಲ್ಲ? ಮೈಸೂರಿನಲ್ಲಿ ನಗರ ಸುಧಾರಣೆಯ ಟ್ರಸ್ಟ್ ಬೋರ್ಡ್ ಹುಟ್ಟಿದ್ದು 1903ರಲ್ಲಿ, ವಿಯೆನ್ನಾದ ಈ ಕಥೆಗಿಂತ ಮೊದಲೇ. ಬುದ್ಧಿ ನಮಗೇನು ಕಡಿಮೆಯಿರಲಿಲ್ಲ. ಆದರೆ ನಮ್ಮ ಬೋರ್ಡು, ಪ್ರಾಧಿಕಾರಗಳು ಜಮೀನು ಹಿಡಿದು, ರಸ್ತೆ ಎಳೆದು, ಸೈಟು ಮಾಡಿ ಹಂಚಿ ಕೈತೊಳೆದುಕೊಂಡವು. ಸೈಟು ಸಿಕ್ಕವನು ಒಂದು ತಲೆಮಾರಲ್ಲಿ ಕೋಟ್ಯಧೀಶ. ಮುಂದಿನವನಿಗೆ ಹಂಚಲು ಏನೂ ಇಲ್ಲ. ಸೈಟಿನ ಮಹಿಮೆಯನ್ನು ಮೈಸೂರಿನವರಿಗೇ ವಿವರಿಸಲು ಹೋದರೆ ನೀವು ನಕ್ಕೀರಿ. ಜೊತೆಗೆ ಬಡಾವಣೆ ಪ್ರಾಧಿಕಾರದ್ದು, ಕೊಳೆಗೇರಿ ಬೇರೆ ಮಂಡಳಿಯದು, ಎರಡೂ ರಾಜ್ಯ ಸರ್ಕಾರದ ಕೈಕೆಳಗೆ. ಕೊಳೆಗೇರಿ ಸುಧಾರಣೆ, ಬಡತನ ನಿವಾರಣೆ ನಗರಾಡಳಿತಕ್ಕೆ ವಹಿಸಬಹುದಾದ ಕೆಲಸಗಳೆಂದು ಸಂವಿಧಾನದ 74ನೇ ತಿದ್ದುಪಡಿ 1993ರಿಂದ ಹೇಳುತ್ತಲೇ ಇದೆ. ಕಾರ್ಪೊರೇಷನ್‌ಗೆ ಉಳಿದದ್ದು ಕಸ, ಚರಂಡಿ, ಬೀದಿದೀಪ, ಕಂದಾಯ. ಬೆಂಗಳೂರು ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಬೈಯಲಿಕ್ಕಾದರೂ ವಿಯೆನ್ನಾದವರಿಗೆ ಬ್ರೈಟ್ನರ್ ಎಂಬ ಒಬ್ಬ ಸಿಕ್ಕಿದ್ದ.

ಕೊನೆಗೆ ಮಗಳ ವಿಷಯ. ನಗರದ ಮನೆಗೆ ಅರ್ಜಿ ಹಾಕಲು ಎರಡು ವರ್ಷವಾದರೂ ವಿಯೆನ್ನಾದಲ್ಲೇ ಮುಖ್ಯ ವಿಳಾಸ ನೋಂದಾಯಿಸಿರಬೇಕು. ನಮ್ಮ ದೇಶದವರಾದರೆ ದೀರ್ಘಾವಧಿ ವಾಸದ ಪರವಾನಗಿಯೂ ಬೇಕು, ಅದಕ್ಕೆ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಮನೆ ಬದಲಿಸಿದಾಗಲೆಲ್ಲ ಕೊಡುವ ವಿಳಾಸ ನೋಂದಣಿಯ ಚೀಟಿಗಳನ್ನು ಒಂದನ್ನೂ ಬಿಸಾಡದೆ ಫೈಲು ಮಾಡಿಡಲು ಹೇಳಿ. ಅಷ್ಟರಲ್ಲಿ ಮೊಮ್ಮಗು ಶಾಲೆಗೆ ಹೊರಟಿರುತ್ತೆ.

— ಸಂ.