ಮೊದಲು ಬೆಳಕು, ಆಮೇಲೆ ಐರನ್

ಪ್ರಶ್ನೆ: ಎಲೆಕ್ಟ್ರಾನಿಕ್ ಬೋರ್ಡ್‌ಗಳನ್ನು ಕೈಯಲ್ಲೇ ಜೋಡಿಸಿಕೊಡುವ ಕೆಲಸ ಶುರು ಮಾಡಬೇಕೆಂದಿದ್ದೇನೆ. ಒಂದು ಕೋಣೆ ಇದೆ, ಇಬ್ಬರಿದ್ದೇವೆ. ತಿಂಗಳಿಗೆ 50ರಿಂದ 100 ಬೋರ್ಡ್ ಬರಬಹುದು, ಹೆಚ್ಚಿನವು ಎಸ್‌ಎಂಡಿ, ಅಂದರೆ ಬೋರ್ಡ್‌ನ ಮೇಲ್ಮೈಗೇ ಬೆಸುಗೆ ಹಾಕುವ ಪುಟ್ಟ ಭಾಗಗಳಿರುವವು. ಇರುವ ದುಡ್ಡಿನಲ್ಲಿ ಬಹುಪಾಲನ್ನು ಬೆಸುಗೆ ಹಾಕುವ ಒಂದು ಒಳ್ಳೆಯ ಸೋಲ್ಡರಿಂಗ್ ಸ್ಟೇಷನ್‌ಗೆ ಹಾಕೋಣ ಎಂದುಕೊಂಡಿದ್ದೇನೆ. ಸರಿಯೇ?

ಉತ್ತರ: ಸ್ಟೇಷನ್ ಬೇಕೇ ಬೇಕು. ಆದರೆ ಬಹುಪಾಲು ದುಡ್ಡು ಅದಕ್ಕೆ ಹಾಕಬೇಡಿ. ಕೈಯಲ್ಲಿ ಜೋಡಿಸಿದ ಬೋರ್ಡ್ ಕೆಡುವುದು ಹೆಚ್ಚಾಗಿ ಸ್ಟೇಷನ್‌ನ ಐರನ್‌ನಿಂದ (ಬೆಸುಗೆ ಹಾಕುವ ಬಿಸಿ ಕಡ್ಡಿಯಿಂದ) ಅಲ್ಲ, ಕೂತು ಮಾಡುವವರಿಗೆ ಸರಿಯಾಗಿ ಕಾಣಿಸದೇ ಇರುವುದರಿಂದ. 0603 ಎಂಬ ಅಳತೆಯ ರೆಸಿಸ್ಟರ್ ಅಂದರೆ 1.6 ಮಿ.ಮೀ. ಉದ್ದ, 0.8 ಮಿ.ಮೀ. ಅಗಲ. 0402 ಇನ್ನೂ ಚಿಕ್ಕದು, 1 ಮಿ.ಮೀ.ಗೆ ಅರ್ಧ ಮಿ.ಮೀ. ಒತ್ತೊತ್ತಾಗಿ ಕಾಲುಗಳಿರುವ ಐಸಿಯಲ್ಲಿ (ಚಿಪ್‌ನಲ್ಲಿ) ಎರಡು ಕಾಲು ಸೋಲ್ಡರ್‌ನಿಂದ (ಬೆಸುಗೆಯ ಲೋಹದಿಂದ) ಅಂಟಿಕೊಂಡಿದ್ದರೆ ಬರಿಗಣ್ಣಿಗೆ ಗೊತ್ತೇ ಆಗುವುದಿಲ್ಲ.

ಆದ್ದರಿಂದ ಮೊದಲ ಖರ್ಚು ಎರಡೂ ಕಣ್ಣಿನಿಂದ ನೋಡುವ ಒಂದು ಸ್ಟೀರಿಯೋ ಮೈಕ್ರೋಸ್ಕೋಪ್. ತೋಳಿನ ಮೇಲೆ ಅತ್ತಿತ್ತ ಸರಿಸಲು ಬರುವಂಥದ್ದು ತೆಗೆದುಕೊಳ್ಳಿ. ಕೆಳಗೆ 0.5 ಎಕ್ಸ್ ಲೆನ್ಸ್ ಹಾಕಿದರೆ ದೊಡ್ಡದಾಗಿ ಕಾಣುವುದು ಅರ್ಧಕ್ಕೆ ಇಳಿಯುತ್ತದೆ, ನಿಜ, ಆದರೆ ಲೆನ್ಸ್‌ಗೂ ಬೋರ್ಡ್‌ಗೂ ನಡುವೆ ಐರನ್ ಹಿಡಿದ ಕೈ ಆಡಲು ಜಾಗ ಸಿಗುತ್ತದೆ, ಅದೇ ಮುಖ್ಯ. ಪರದೆಯ ಮೇಲೆ ತೋರಿಸುವ ಡಿಜಿಟಲ್ ಮೈಕ್ರೋಸ್ಕೋಪ್ ಮುಗಿದ ಬೋರ್ಡ್ ನೋಡಲು ಸಾಕು. ಅದನ್ನು ನೋಡುತ್ತಾ ಬೆಸುಗೆ ಹಾಕುವುದು ಕಷ್ಟ: ಆಳ ತಿಳಿಯುವುದಿಲ್ಲ, ಚಿತ್ರ ಕೈಗಿಂತ ಒಂಚೂರು ಹಿಂದೆ ಬರುತ್ತದೆ. ಲೆನ್ಸ್ ಸುತ್ತಲಿನ ರಿಂಗ್ ಲೈಟ್ ಒಂದೇ ಇದ್ದರೆ ಸೋಲ್ಡರ್ ಬರೀ ಮಿನುಗುತ್ತದೆ. ಪಕ್ಕದಿಂದ ಇನ್ನೊಂದು ದೀಪ ಬೀಳಲಿ, ಆಗ ನೆರಳಿನಿಂದ ಜಾಯಿಂಟ್ ತುಂಬಿದೆಯೋ ಇಲ್ಲವೋ ತಿಳಿಯುತ್ತದೆ.

ಈಗ ಐರನ್ ವಿಷಯ. ಬಿಸಿಯನ್ನು ತಾನೇ ಹತೋಟಿಯಲ್ಲಿಡುವ 60–70 ವ್ಯಾಟ್ ಸ್ಟೇಷನ್ ಸಾಕು. ಐರನ್‌ನ ಮುಂದಿನ ತುಂಡು, ಅಂದರೆ ಟಿಪ್, ಮಾತ್ರ ನೋಡಿ ತೆಗೆದುಕೊಳ್ಳಿ. ಹೊಸಬರೆಲ್ಲ ಸೂಜಿಯಂಥ ಟಿಪ್ ಹುಡುಕುತ್ತಾರೆ. ಅದರ ತುದಿಗೆ ಬಿಸಿ ಸರಿಯಾಗಿ ಹರಿಯುವುದಿಲ್ಲ. ಬಿಸಿ ಸಾಲದೆಂದು ಡಿಗ್ರಿ ಏರಿಸುತ್ತಾರೆ, ಟಿಪ್ ಕಪ್ಪಾಗುತ್ತದೆ, ಬೋರ್ಡ್ ಮೇಲೆ ಭಾಗ ಕೂರುವ ತಾಮ್ರದ ಪ್ಯಾಡ್ ಎದ್ದು ಬರುತ್ತದೆ. ಉಳಿಯಂತೆ ಚಪ್ಪಟೆಯಾದ 1.5–2.4 ಮಿ.ಮೀ. ಟಿಪ್ ಹಾಕಿ ನೋಡಿ. ಬಹುತೇಕ ಕೆಲಸ ಅದರಲ್ಲೇ ಆಗುತ್ತದೆ.

63 ಭಾಗ ತವರ, 37 ಭಾಗ ಸೀಸದ ಸೋಲ್ಡರ್ 183 ಡಿಗ್ರಿಗೆ ಕರಗುತ್ತದೆ. ಎಸ್‌ಎಸಿ305 ಎಂಬ ಸೀಸವಿಲ್ಲದ ಸೋಲ್ಡರ್ ಕರಗಲು 217 ದಾಟಬೇಕು. ಟಿಪ್‌ನ ಬಿಸಿ ಮೊದಲನೆಯದಕ್ಕೆ 320ರಿಂದ 350, ಎರಡನೆಯದಕ್ಕೆ ಸ್ವಲ್ಪ ಜಾಸ್ತಿ. ಯಾವುದು ಬಳಸಬೇಕೆಂದು ಬೋರ್ಡ್ ಕೊಡುವವರನ್ನು ಮೊದಲೇ ಕೇಳಿ, ಏಕೆಂದರೆ ಯುರೋಪಿನ ಒಕ್ಕೂಟದಲ್ಲಿ 2006ರ ಜುಲೈ 1ರಿಂದ ಹೆಚ್ಚಿನ ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ಸೀಸಕ್ಕೆ ಕಡಿವಾಣವಿದೆ. ಎರಡೂ ಬಳಸುವುದಾದರೆ ಟಿಪ್, ವೈರ್ ಎಲ್ಲ ಬೇರೆ ಬೇರೆ ಇಡಿ.

ಹೊಗೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಮೇಲೇಳುವ ಹೊಗೆ ಮುಖ್ಯವಾಗಿ ಫ್ಲಕ್ಸ್‌ನದು, ಅಂದರೆ ಬೆಸುಗೆ ಚೆನ್ನಾಗಿ ಹಿಡಿಯಲು ಸೋಲ್ಡರ್ ಜೊತೆ ಬಳಸುವ ಪದಾರ್ಥದ್ದು. ಸೀಸ ಆ ಬಿಸಿಗೆ ಆವಿಯಾಗಿ ಏಳುವುದು ನಗಣ್ಯ. ಹಾಗಂತ ಸುಮ್ನೆ ಬಿಡುವಂತಿಲ್ಲ, ಫ್ಲಕ್ಸ್‌ನಲ್ಲಿರುವ ರಾಳದ ಹೊಗೆಯನ್ನು ದಿನವೂ ಕುಡಿದರೆ ಆಸ್ತಮಾ ಬರಬಹುದು, ಬಂದಮೇಲೆ ಕೆಲವರಿಗೆ ಈ ಕೆಲಸವನ್ನೇ ಬಿಡಬೇಕಾಗುತ್ತದೆ. ಹೊಗೆ ಎಳೆಯುವ ಕೊಳವೆಯ ಬಾಯಿ ಜಾಯಿಂಟ್ ಹತ್ತಿರವೇ ಇರಲಿ, ಹೊರಗೆ ಬಿಡಲು ಆದರೆ ಇನ್ನೂ ಒಳ್ಳೆಯದು. ಸೀಸ ಒಳಗೆ ಹೋಗುವುದು ಕೈಯಿಂದ ಬಾಯಿಗೆ. ಆ ಮೇಜಿನ ಮೇಲೆ ತಿಂಡಿ, ನೀರು ಬೇಡ. ಎದ್ದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ.

ಇನ್ನು ಬಿಡಿಭಾಗ ಇಡುವ ರೀತಿ. ಸಣ್ಣ ಸೆರಾಮಿಕ್ ಕೆಪಾಸಿಟರ್‌ಗಳ ಮೈಮೇಲೆ ಸಾಮಾನ್ಯವಾಗಿ ಏನೂ ಬರೆದಿರುವುದಿಲ್ಲ. ಅವನ್ನು ಸಾಲಾಗಿ ಇಟ್ಟು ಮಾರುವ ಟೇಪ್‌ನಿಂದ ಹೊರಬಂದರೆ ಯಾವುದು ಯಾವುದೆಂದು ಕಣ್ಣಿನಿಂದ ಹೇಳಲು ಆಗದು. ನಾನು ಒಮ್ಮೆ ಎರಡು ಬಗೆಯನ್ನು ಪಕ್ಕಪಕ್ಕ ಸುರಿದುಕೊಂಡು, ಅದಲುಬದಲಾಗಿ, ಮಾಡಿದ ಬೋರ್ಡ್‌ಗಳನ್ನೆಲ್ಲ ಮತ್ತೆ ಬಿಚ್ಚಿದ್ದೇನೆ. ಅಂದಿನಿಂದ ಒಂದೇ ನಿಯಮ: ಒಂದು ಸಲಕ್ಕೆ ಒಂದು ಬಗೆಯ ಭಾಗ ಮಾತ್ರ ಮೇಜಿನ ಮೇಲೆ. ಅದನ್ನು ಎಲ್ಲ ಬೋರ್ಡ್‌ಗಳಿಗೂ ಹಾಕಿ, ಪಟ್ಟಿಯಲ್ಲಿ ಗುರುತು ಹಾಕಿ, ಡಬ್ಬಿಗೆ ವಾಪಸ್ ಇಟ್ಟ ಮೇಲೆ ಮುಂದಿನದು. ನೆಲಕ್ಕೆ ಬಿದ್ದದ್ದು ಕಸಕ್ಕೆ.

ಉಳಿದ ದುಡ್ಡಿನಲ್ಲಿ ಕರೆಂಟ್‌ಗೆ ಮಿತಿ ಹಾಕಬಹುದಾದ ಪವರ್ ಸಪ್ಲೈ ತನ್ನಿ. ಹೊಸ ಬೋರ್ಡ್‌ಗೆ ವಿದ್ಯುತ್ ಕೊಡುವ ಮೊದಲು ಸಪ್ಲೈ ಮತ್ತು ಗ್ರೌಂಡ್ ನಡುವೆ ಮೀಟರ್ ಇಟ್ಟು ನೋಡಿ, ಶಾರ್ಟ್ ಇಲ್ಲದಿದ್ದರೆ ಕಡಿಮೆ ಮಿತಿಯಿಟ್ಟು ಆನ್ ಮಾಡಿ. ಎಲ್ಲೋ ತಪ್ಪಿದ್ದರೂ ಐಸಿ ಉಳಿಯುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಫ್ರಿಜ್‌ನಿಂದ ತೆಗೆದ ಸೋಲ್ಡರ್ ಪೇಸ್ಟ್ (ಸೋಲ್ಡರ್ ಪುಡಿ ಮತ್ತು ಫ್ಲಕ್ಸ್ ಕಲಸಿದ ಲೇಪ) ಬಳಸಿದರೆ ಭಾಗಗಳ ಸುತ್ತ ಸಣ್ಣ ಸಣ್ಣ ಗುಂಡುಗಳು ಬರುತ್ತಿವೆ. ಪೇಸ್ಟ್ ಕೆಟ್ಟಿದೆಯೇ?

ಉತ್ತರ: ತಣ್ಣಗಿರುವಾಗಲೇ ಮುಚ್ಚಳ ತೆಗೆಯುತ್ತಿದ್ದೀರಿ ಅನ್ನಿಸುತ್ತದೆ. ಗಾಳಿಯ ತೇವ ಪೇಸ್ಟ್ ಮೇಲೆ ಕೂರುತ್ತದೆ, ಬಿಸಿಯಾದಾಗ ಅದು ಸಿಡಿದು ಸೋಲ್ಡರನ್ನು ಚದುರಿಸುತ್ತದೆ. ಮುಚ್ಚಳ ಬಿಗಿಯಾಗಿದ್ದಂತೆಯೇ ನಾಲ್ಕು ಗಂಟೆ ಹೊರಗಿಡಿ, ಆಮೇಲೆ ತೆರೆದು ಕಲಸಿ. ಬೇಗ ಆಗಲೆಂದು ಹೀಟರ್ ಹತ್ತಿರ ಇಡಬೇಡಿ. ಆದರೂ ಬಂದರೆ ಡಬ್ಬಿಯ ಮೇಲಿನ ತಾರೀಖು ನೋಡಿ, ಹಾಗೆಯೇ ಪೇಸ್ಟ್ ಹಚ್ಚಲು ಬೋರ್ಡ್ ಮೇಲಿಡುವ ತೂತುಗಳ ತಗಡು, ಅಂದರೆ ಸ್ಟೆನ್ಸಿಲ್, ಎಷ್ಟು ದಪ್ಪವಿದೆ ಅಳೆಯಿರಿ. ಸಣ್ಣ ಭಾಗಗಳಿಗೆ 0.1–0.12 ಮಿ.ಮೀ. ಸಾಕು, ಅದಕ್ಕಿಂತ ದಪ್ಪವಾದರೆ ಪೇಸ್ಟ್ ಜಾಸ್ತಿಯಾಗಿ ಹೊರಗೆ ಹಿಂಡಿಕೊಳ್ಳುತ್ತದೆ. ಆ ಫ್ರಿಜ್‌ನಲ್ಲಿ ತಿನ್ನುವ ಪದಾರ್ಥ ಇಡುತ್ತಿದ್ದರೆ ಇವತ್ತೇ ನಿಲ್ಲಿಸಿ.

ಪ್ರಶ್ನೆ: ಮೈಯ ಸ್ಥಿರ ವಿದ್ಯುತ್ತನ್ನು ಅರ್ಥಿಂಗ್‌ಗೆ ಇಳಿಸುವ ಮಣಿಕಟ್ಟಿನ ಪಟ್ಟಿ ಹಾಕದೆ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ, ಏನೂ ಆಗಿಲ್ಲ. ನಿಜಕ್ಕೂ ಬೇಕೇ?

ಉತ್ತರ: ಬೇಕು. ಮೈಯಲ್ಲಿ ಸುಮಾರು 3,000 ವೋಲ್ಟ್ ಸ್ಥಿರ ವಿದ್ಯುತ್ ತುಂಬುವವರೆಗೆ ನಮಗೆ ಚುರುಕ್ ಎನ್ನುವುದೇ ಇಲ್ಲ, ಕೆಲವು ಭಾಗಗಳು 100 ವೋಲ್ಟ್‌ಗೂ ಮೊದಲೇ ಪೆಟ್ಟು ತಿನ್ನುತ್ತವೆ. ಪೆಟ್ಟು ತಿಂದ ಐಸಿ ಆ ದಿನದ ಪರೀಕ್ಷೆಯಲ್ಲಿ ಪಾಸಾಗಿ, ಕೆಲವು ತಿಂಗಳ ನಂತರ ಬಳಸುವವರ ಕೈಯಲ್ಲಿ ಸಾಯಬಹುದು. ನಿಮಗೆ ಅದು ಗೊತ್ತಾಗುವುದು ಹೇಗೆ, ಅಲ್ವಾ? ಪಟ್ಟಿಯ ತಂತಿಯಲ್ಲಿ 1 ಮೆಗಾಓಮ್ ರೆಸಿಸ್ಟರ್ ಇರಲೇಬೇಕು, ಅದು ನಿಮ್ಮ ಜೀವ ಕಾಯಲು. ಅದನ್ನು ತೆಗೆದು ಬರೀ ತಂತಿ ಕಟ್ಟಬೇಡಿ. ತಂತಿಯ ಇನ್ನೊಂದು ತುದಿ ನಿಜವಾಗಿಯೂ ಅರ್ಥಿಂಗ್‌ಗೆ ಸೇರಿದೆಯೇ ಎಂದು ಆಗಾಗ ಮೀಟರ್ ಇಟ್ಟು ನೋಡಿ. ಥರ್ಮೋಕೋಲ್, ಸಾದಾ ಪ್ಲಾಸ್ಟಿಕ್ ಚೀಲ ಆ ಮೇಜಿನ ಹತ್ತಿರ ಸುಳಿಯದಿರಲಿ.