ಗುಳ್ಳೆ ನಿಂತ ಕೂಡಲೇ ಬಾಟಲಿಗೆ ತುಂಬಬೇಡಿ

ಮನೆಯಲ್ಲಿ ಹುದುಗಲು ಇಟ್ಟ ಬಿಯರಿನ ಏರ್‌ಲಾಕ್‌ನಲ್ಲಿ (ಗ್ಯಾಸ್ ಹೊರಹೋಗಲು ಮುಚ್ಚಳಕ್ಕೆ ಸಿಕ್ಕಿಸುವ, ನೀರು ತುಂಬಿದ ನಳಿಗೆ) ಆರನೇ ದಿನಕ್ಕೇ ಗುಳ್ಳೆ ನಿಂತಿದೆ, ಏಲ್ (ಬೇಗ ಸಿದ್ಧವಾಗುವ ಬಗೆಯ ಬಿಯರ್) ಅನ್ನು ಬಾಟಲಿಗೆ ತುಂಬಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ. ಗುಳ್ಳೆ ನಿಂತ ಮಾತ್ರಕ್ಕೆ ಹುದುಗುವುದು ಮುಗಿಯಿತು ಅಂತಲ್ಲ. ಮುಚ್ಚಳದ ಅಂಚಿನಲ್ಲಿ ಗ್ಯಾಸ್ ಸೋರುತ್ತಿದ್ದರೂ ಗುಳ್ಳೆ ಕಾಣುವುದಿಲ್ಲ. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ ನೋಡಿ, ಸಕ್ಕರೆ ಹುದುಗಿದಷ್ಟೂ ಅದರ ರೀಡಿಂಗ್ ಇಳಿಯುತ್ತದೆ. ಇವತ್ತು ಉದಾಹರಣೆಗೆ 1.012 ಇದ್ದು, ಮೂರು ದಿನ ಬಿಟ್ಟು ನೋಡಿದಾಗಲೂ ಅಷ್ಟೇ ಇದ್ದರೆ ಸರಿ. ಇನ್ನೂ ಇಳಿಯುತ್ತಿದ್ದರೆ ಉಳಿದ ಸಕ್ಕರೆ ಬಾಟಲಿಯೊಳಗೇ ಹುದುಗಿ, ಒತ್ತಡ ಜಾಸ್ತಿಯಾಗಿ ಗಾಜು ಸಿಡಿಯಬಹುದು. ಕೈಗೆ, ಕಣ್ಣಿಗೆ ಅಪಾಯ. ಇದರಲ್ಲಿ ಅವಸರ ಬೇಡವೇ ಬೇಡ.

ರೀಡಿಂಗ್‌ಗೆ ತೆಗೆದ ಬಿಯರನ್ನು ಮೂಸಿ ನೋಡಿ. ಬೆಣ್ಣೆಯಂಥ ವಾಸನೆ ಬಂದರೆ ಡೈಅಸಿಟೈಲ್ (ಹುದುಗುವಾಗ ಹುಟ್ಟುವ, ಆ ವಾಸನೆ ಕೊಡುವ ವಸ್ತು) ಉಳಿದಿರಬಹುದು. ಅದನ್ನು ಸಾಮಾನ್ಯವಾಗಿ ಯೀಸ್ಟೇ ತಿಂದು ಮುಗಿಸುತ್ತದೆ, ಇನ್ನೊಂದಿಷ್ಟು ದಿನ ಸುಮ್ನೆ ಬಿಡಿ. ನಾನಂತೂ ಎರಡು ವಾರಕ್ಕೆ ಮೊದಲು ತುಂಬುವುದಿಲ್ಲ.

ಅಳತೆ ಮಾಡಿದ ಸಕ್ಕರೆ ಹಾಕಿ ಬಾಟಲಿಗೆ ತುಂಬಿದ ಮೇಲೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮತ್ತೆರಡು ವಾರ ಬೇಕು, ಗ್ಯಾಸ್ ಕೂಡಿಕೊಳ್ಳಲು. ಬೇಗ ಫ್ರಿಜ್‌ಗೆ ಇಟ್ಟರೆ ಯೀಸ್ಟ್ ಮಲಗಿಬಿಡುತ್ತದೆ. ಅಲ್ಲಿಗೆ ಒಟ್ಟು ನಾಲ್ಕು ವಾರ ಆಯ್ತು ಅಲ್ವಾ? ಲಾಗರ್ (ತಣ್ಣಗೆ ಹುದುಗಿಸುವ ಬಗೆಯ ಬಿಯರ್) ಆಗಿದ್ದರೆ ಇನ್ನೂ ಒಂದೆರಡು ತಿಂಗಳು ತಣ್ಣಗೆ ಇಡಬೇಕಿತ್ತು. ಮೊದಲ ಸಲಕ್ಕೆ ನೀವು ಏಲ್ ಆರಿಸಿದ್ದು ಒಳ್ಳೆಯದೇ ಆಯಿತು.