ಆಹಾರ ಸುರಕ್ಷತಾ ಅಧಿಕಾರಿ ಅಂದರೆ ದಿನಾ ದಾಳಿ ಮಾಡುವವರಾ?

ಬಯೋಕೆಮಿಸ್ಟ್ರಿ ಡಿಗ್ರಿ ಮುಗಿಸಿದ್ದೇನೆ, ಈ ಹುದ್ದೆಗೆ ಪರೀಕ್ಷೆ ಕಟ್ಟಬಹುದಾ, ದಿನಾ ಹೋಟೆಲ್ ಮೇಲೆ ದಾಳಿ ಮಾಡೋದೇ ಕೆಲಸವಾ ಅಂತ ಕೇಳಿದ್ದೀರಿ. ಖಂಡಿತ ಕಟ್ಟಿ. ಫುಡ್ ಟೆಕ್ನಾಲಜಿ, ಕೃಷಿ, ಪಶುವೈದ್ಯಕೀಯ ಓದಿದವರೂ ಬರುತ್ತಾರೆ. ದಾಳಿ ಅಪರೂಪ.

ನಮ್ಮ ಕೆಲಸದ ಜೀವ ಇರುವುದು ಸ್ಯಾಂಪಲ್ ತೆಗೆಯುವುದರಲ್ಲಿ. ಸಾಕ್ಷಿಗೆ ಜನ ಕರೆಯಬೇಕು, ಅಂಗಡಿಯವರಿಗೆ ನೋಟಿಸ್ ಕೊಡಬೇಕು, ತೆಗೆದ ಪದಾರ್ಥಕ್ಕೆ ಮಾರಾಟದ ಬೆಲೆ ಎಣಿಸಿ ಕೊಡಬೇಕು. ಆಮೇಲೆ ನಾಲ್ಕು ಭಾಗ. ಒಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡುವ ಫುಡ್ ಅನಲಿಸ್ಟ್‌ಗೆ, ಎರಡು ನಮ್ಮ ಮೇಲಧಿಕಾರಿಯಾದ ಅಂಕಿತಾಧಿಕಾರಿಗೆ, ನಾಲ್ಕನೆಯದನ್ನು ಅಂಗಡಿಯವರು ಕೇಳಿಕೊಂಡರೆ ಮಾನ್ಯತೆ ಇರುವ ಲ್ಯಾಬಿಗೆ ಕಳಿಸುತ್ತೇವೆ. ಹಾಲಾದರೆ 25 ಮಿ.ಲೀ.ಗೆ ಎರಡು ಹನಿ ಫಾರ್ಮಲಿನ್ ಹಾಕಬೇಕು, ಇಲ್ಲದಿದ್ದರೆ ದಾರಿಯಲ್ಲೇ ಕೆಡುತ್ತದೆ. ಪೊಟ್ಟಣಕ್ಕೆ ದಾರ ಸುತ್ತಿ ಅರಗಿನ ಸೀಲು ಒತ್ತುತ್ತೇವೆ. ಅಂಗಡಿಯವರ ಸಹಿ ಅರ್ಧ ಪೊಟ್ಟಣಕ್ಕೆ ಅಂಟಿಸಿದ ಚೀಟಿಯ ಮೇಲೆ, ಅರ್ಧ ಸುತ್ತಿದ ಕಾಗದದ ಮೇಲೆ ಬೀಳಬೇಕು. ಹೊಸತರಲ್ಲಿ ಒಂದು ಖಾರದ ಪುಡಿ ಪೊಟ್ಟಣದಲ್ಲಿ ಸಹಿ ಪೂರ್ತಿ ಚೀಟಿಯ ಮೇಲೇ ಹಾಕಿಸಿಬಿಟ್ಟಿದ್ದೆ. ಪುಡಿ ಅಸುರಕ್ಷಿತ ಅಂತ ವರದಿ ಬಂದರೂ ಆ ತಪ್ಪಿನಿಂದ ಕೇಸು ಬಿದ್ದುಹೋಯಿತು. ಆ ಪುಡಿ ತಿಂದ ಮನೆಗಳು ಎಷ್ಟೋ ಅಂತ ಇವತ್ತಿಗೂ ಸಂಕಟವಾಗುತ್ತದೆ.

2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದರಲ್ಲ, ಆಗ ತಳ್ಳುಗಾಡಿಗಳನ್ನು ಸುತ್ತಿದ್ದೇ ಸುತ್ತಿದ್ದು. ಒಬ್ಬರ ಗಾಡಿಯಲ್ಲಿ ಹೆಸರು, ವಿಳಾಸ ಏನೂ ಇಲ್ಲದ ಬಣ್ಣದ ಪೊಟ್ಟಣ ಸಿಕ್ಕಿತು. "ದಿನಸಿ ಅಂಗಡೀಲೇ ಕೊಡ್ತಾರೆ ಸಾರ್, ಬಟ್ಟೆಗೆ ಹಾಕೋ ಬಣ್ಣ ಅಂತ ನಂಗೆ ಯಾರು ಹೇಳಿದ್ರು? ನನ್ನ ಮಗಳೂ ಇದನ್ನೇ ತಿಂತಾಳೆ" ಅಂದರು. ಕಣ್ಣಲ್ಲಿ ನೀರಿತ್ತು. ಸ್ಯಾಂಪಲ್ ಬಿಡಲಿಲ್ಲ, ಬಿಡಲೂಬಾರದು. ಆದರೆ ಅವತ್ತೇ ಆ ದಿನಸಿ ಅಂಗಡಿಗೆ, ಅಲ್ಲಿಂದ ಹೋಲ್‌ಸೇಲ್ ಮಂಡಿಗೆ ಹೋದೆ. ಗಾಡಿಯವರಿಗೆ ನೋಟಿಸ್ ಕೊಟ್ಟು ಅಲ್ಲಿಗೇ ಬಿಟ್ಟರೆ ನಾಳೆ ಇನ್ನೊಂದು ಗಾಡಿಗೆ ಅದೇ ಪೊಟ್ಟಣ ಬರುತ್ತದೆ. ಗಾಡಿಯವರಿಗೆ ಆಹಾರ ವ್ಯಾಪಾರದ ನೋಂದಣಿಯನ್ನೂ ಮಾಡಿಸಿಕೊಟ್ಟೆವು, ಆಗ ಅದಕ್ಕೆ ವರ್ಷಕ್ಕೆ 100 ರೂಪಾಯಿ ಇತ್ತು. ತಿಂಗಳ ಮೇಲೆ ಹೋದಾಗ ಗೋಬಿ ಕಂದು ಬಣ್ಣದಲ್ಲಿತ್ತು. ಗಿರಾಕಿಗಳು "ಕೆಂಪಗಿರೋದು ಕೊಡಿ" ಅಂತ ಇನ್ನೂ ಕೇಳುತ್ತಿದ್ದರು.

ಓದುವಾಗ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ನಮ್ಮ ಅಧಿಕಾರ ಹೇಳುವ 38ನೇ ಸೆಕ್ಷನ್, ಸ್ಯಾಂಪಲ್ ತೆಗೆಯುವ ಕ್ರಮ ಹೇಳುವ 47ನೇ ಸೆಕ್ಷನ್, ಅದೇ ಕಾಯ್ದೆಯ 2011ರ ನಿಯಮಗಳು, ಇವನ್ನು ಪರೀಕ್ಷೆಗೆ ಮಾತ್ರ ಅಂತ ಓದಬೇಡಿ. ಮನೆಯಲ್ಲೇ ಒಂದು ಬಾಟಲಿ ತಗೊಂಡು ಸೀಲು ಮಾಡುವುದನ್ನು ಈಗಿಂದಲೇ ರೂಢಿ ಮಾಡಿಕೊಳ್ಳಿ.